ಕಲ್ಯಾಣಿಯ ಕಣ್ಣು ತೆರೆದ ಮಳೆಗಾಲ

ಪಕ್ಕದ ಮನೆಯ ಸೆವ್ರಿನ್ ಬಾಯಿ ಮೊನ್ನೆ ಹಂದಿ ಮಾಂಸಕ್ಕೆ ವಿನೆಗರ್ ಸುರಿದದ್ದು ನನ್ನ ಕಿಟಕಿಯವರೆಗೆ ಬಂತು. ಅವಳಿಗೆ ಅದು ಅಡುಗೆಯ ವಾಸನೆ, ನನಗೆ ಫೋಟೋ ತೊಳೆಯುವ ವಾಸನೆ. ಕತ್ತಲೆ ಕೋಣೆಯಲ್ಲಿ ಮೂರು ತಟ್ಟೆ ಇಡುತ್ತಿದ್ದೆವು. ಮೊದಲನೆಯದರಲ್ಲಿ ಚಿತ್ರ ಏಳುತ್ತದೆ, ನಡುವಿನದರಲ್ಲಿ ನಿಲ್ಲುತ್ತದೆ, ಕಡೆಯದರಲ್ಲಿ ಗಟ್ಟಿಯಾಗುತ್ತದೆ. ನಡುವಿನ ತಟ್ಟೆಯ ಆಸಿಡ್ಡೂ ಸೆವ್ರಿನ್ ಬಾಯಿಯ ವಿನೆಗರೂ ಒಂದೇ ಜಾತಿ. ಮದುವೆಯಾಗಿ ಬಂದಂದಿನಿಂದ ಆ ವಾಸನೆಯಲ್ಲೇ ಅನ್ನ ಉಂಡವಳು ನಾನು. ಆದರೆ ಈಗ ಅದು ಮೂಗಿಗೆ ಬಡಿದರೆ ಆ ಹಳೆಯ ಕಾಲ ನೆನಪಾಗುವುದಿಲ್ಲ. ಈಚಿನ ಒಂದು ಮಳೆಗಾಲ ನೆನಪಾಗುತ್ತದೆ, ನೀಲಾ ಎಂಬ ಹುಡುಗಿ ಕಲ್ಯಾಣಿ ಎಂಬ ಸತ್ತ ಹೆಂಗಸನ್ನು ನನ್ನ ಪೆಟ್ಟಿಗೆಯಿಂದ ಎತ್ತಿದ ಮಳೆಗಾಲ.

ನನ್ನ ಗಂಡನ ಸ್ಟುಡಿಯೋ ಕಾರ್ಕಳದ ಬಸ್ ನಿಲ್ದಾಣದಿಂದ ಸ್ವಲ್ಪ ಮೇಲೆ ಇತ್ತು. ಮುಂದೆ ಸ್ಟುಡಿಯೋ, ಹಿಂದೆ ಮನೆ. ಈಗ ಮುಂದೆ ಮೊಬೈಲ್ ಅಂಗಡಿ, ಹಿಂದೆ ನಾನು. ಇವರು ಮದುವೆ, ಶಾಲೆ, ಪಾಸ್‌ಪೋರ್ಟು ಎಲ್ಲ ತೆಗೆಯುತ್ತಿದ್ದರು. ಪತ್ರಿಕೆಗೂ ತೆಗೆಯುತ್ತಿದ್ದರು. ಮಳೆಗೆ ಸೇತುವೆ ಹೋದರೆ, ಬಸ್ಸು ಮಗುಚಿದರೆ, ಮಂತ್ರಿ ಬಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಓಡುವುದು, ಬಂದು ತೊಳೆಯುವುದು, ಪೂರ್ತಿ ಆರುವ ಮೊದಲೇ ಕವರಿಗೆ ಹಾಕಿ ಸಂಜೆಯ ಬಸ್ಸಿನ ಡ್ರೈವರನ ಕೈಗೆ ಕೊಡುವುದು. ಹೆಣದ ಫೋಟೋಕ್ಕೆ ಪೊಲೀಸರೂ ಇವರನ್ನೇ ಕರೆಯುತ್ತಿದ್ದರು. ಬಾವಿಗೆ ಬಿದ್ದದ್ದು, ಮರಕ್ಕೆ ನೇತದ್ದು, ಲಾರಿಗೆ ಸಿಕ್ಕಿದ್ದು. ಈ ಊರಿಗೆ ರೈಲು ಇಲ್ಲ, ಹಾಗಾಗಿ ಅದೊಂದು ಇರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಪ್ರಿಂಟಿನ ಧೂಳಿನ ಚುಕ್ಕೆ ಮುಚ್ಚುವುದು, ಸಿಡುಬಿನ ಕಲೆ ತೆಗೆಯುವುದು, ಮದುಮಗಳ ಕುತ್ತಿಗೆಗೆ ಇಲ್ಲದ ಸರ ಹಾಕುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಉಂಟು. ಅದಕ್ಕಾಗಿಯೇ ಜನ ಎಲ್ಲೂರು, ಶಿರ್ವದಿಂದೆಲ್ಲ ಬರುತ್ತಿದ್ದರು. ಸತ್ತವರ ಕಣ್ಣು ತೆರೆಯುವುದು.

ಆಗ ಎಷ್ಟೋ ಮನೆಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸುತ್ತಿರಲಿಲ್ಲ. ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ. ಸತ್ತ ಕೂಡಲೇ ಗೋಡೆಗೆ ಫೋಟೋ ಬೇಕು. ಹೆಣವನ್ನು ಕುರ್ಚಿಯಲ್ಲಿ ಒರಗಿಸಿ ಇವರು ತೆಗೆಯುತ್ತಿದ್ದರು, ಪ್ರಿಂಟಿನ ಮೇಲೆ ನಾನು ಕಣ್ಣು ಬರೆಯುತ್ತಿದ್ದೆ. ಮುಚ್ಚಿದ ರೆಪ್ಪೆಯನ್ನು ಬ್ಲೇಡಿನಿಂದ ಹದವಾಗಿ ಕೆರೆಯಬೇಕು, ಬೂದು ತುಂಬಬೇಕು, ಕಣ್ಣಗುಡ್ಡೆ ಇಡಬೇಕು, ಕಡೆಗೆ ಬ್ಲೇಡಿನ ಮೂಲೆಯಿಂದ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಸರಿಯಾಗಿ ಬಿದ್ದರೆ ಹೆಣ ನಿಮ್ಮನ್ನೇ ನೋಡುತ್ತದೆ.

ಜೂನಿನಲ್ಲಿ ಮಳೆ ಹಿಡಿದ ವಾರ ನೀಲಾ ಬಂದಳು. ಮೈ ಪೂರ್ತಿ ಒದ್ದೆ, ಕೊಡೆಯನ್ನು ಮಾತ್ರ ಕ್ಯಾಮೆರಾ ಚೀಲಕ್ಕೆ ಹಿಡಿದಿದ್ದಳು.

“ಎಂತ ಬೇಕು?” ಎಂದೆ.

“ಅಜ್ಜಿ, ನಿಮ್ಮ ಯಜಮಾನರ ನೆಗೆಟಿವ್ ನೋಡಬೇಕಿತ್ತು. ನಾನು ಮಣಿಪಾಲದಲ್ಲಿ ಓದುವುದು, ಪೇಪರಿನ ಫೋಟೋ ತೆಗೆಯುವ ಬಗ್ಗೆ.”

“ಅದಕ್ಕೂ ಕಾಲೇಜು ಉಂಟಾ?”

“ಉಂಟು ಅಜ್ಜಿ. ಮೊದಲು ಹೇಗೆ ತೆಗೆಯುತ್ತಿದ್ದರು, ಯಾಕೆ ತೆಗೆಯುತ್ತಿದ್ದರು, ಎಲ್ಲ ಓದಬೇಕು.”

“ಯಾಕೆ ಅಂದರೆ? ಹೊಟ್ಟೆಗೆ. ಬರೆದುಕೋ. ಆಯಿತಲ್ಲ ಪಾಠ?”

ಅವಳು ಬೇಜಾರು ಮಾಡಿಕೊಳ್ಳದೆ ನಕ್ಕಳು. ಅದಕ್ಕೇ ಒಳಗೆ ಬಿಟ್ಟೆ.

ಅವಳ ಅಪ್ಪ ಗದಗದ ಕಡೆಯ ಗಾರೆ ಕೆಲಸದವ. ಮಣಿಪಾಲದ ಎತ್ತರದ ಕಟ್ಟಡಗಳು ಏಳುತ್ತಿದ್ದಾಗ ಹೆಂಡತಿ ಸಮೇತ ಬಂದು ಇಲ್ಲೇ ನಿಂತವ. ನೀಲಾ ಹುಟ್ಟಿದ್ದು ತಗಡಿನ ಶೆಡ್ಡಿನಲ್ಲಿ, ಓದಿದ್ದು ಪರ್ಕಳದ ಕನ್ನಡ ಶಾಲೆಯಲ್ಲಿ. ತುಳು ನನ್ನ ಮೊಮ್ಮಕ್ಕಳಿಗಿಂತ ಚೆನ್ನಾಗಿ ಆಡುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ಅವಳ ಬಾಯಿಂದ ಅಪ್ಪ ಅಮ್ಮನ ಕನ್ನಡ ಹೊರಡುತ್ತಿತ್ತು.

ಪ್ರತಿ ಭಾನುವಾರ ಹಿರಿಯಡ್ಕ ಹಾದು ಬರುವ ಬಸ್ಸಿನಲ್ಲಿ ಬರುತ್ತಿದ್ದಳು. ಪೆಟ್ಟಿಗೆ ತೆಗೆದು, ನೆಗೆಟಿವ್‌ಗಳನ್ನು ಒಂದೊಂದಾಗಿ ಬೆಳಕಿನ ಹಲಗೆಯ ಮೇಲಿಟ್ಟು, ತನ್ನ ಕ್ಯಾಮೆರಾದಿಂದ ಅವುಗಳದ್ದೇ ಫೋಟೋ ತೆಗೆಯುತ್ತಿದ್ದಳು. ಮಧ್ಯಾಹ್ನ ಗಂಜಿಗೆ ಕೂತಾಗ ಅವಳ ಪಾಠ ಶುರು. ಬೇರೆ ದೇಶಗಳಲ್ಲಿ ಯುದ್ಧದ ಫೋಟೋ ತೆಗೆಯಲಿಕ್ಕೆ ಹೋದ ಹಳೆಯ ಕಾಲದವರು ಸತ್ತ ಸಿಪಾಯಿಗಳನ್ನು ಎಳೆದು, ಚಂದ ಕಾಣುವ ಕಡೆ ಮಲಗಿಸಿ ತೆಗೆದದ್ದುಂಟಂತೆ. ಬರಗಾಲದಲ್ಲಿ ಹಸಿದ ತಾಯಂದಿರ ಫೋಟೋ ಲೋಕವೆಲ್ಲ ನೋಡಿತಂತೆ, ಹೆಸರನ್ನು ಯಾರೂ ಕೇಳಲಿಲ್ಲವಂತೆ. ಈಗ ಹಾಗೆ ಮಾಡಬಾರದು. ಇದ್ದದ್ದನ್ನು ಮುಟ್ಟಬಾರದು, ಸರಿಸಬಾರದು, ಅಳಿಸಬಾರದು. ಕೆಳಗೆ ಹೆಸರು, ಊರು ಸರಿಯಾಗಿ ಬರೆಯಬೇಕು.

“ಇವರು ಹೆಣದ ಸೆರಗು ಸರಿಮಾಡಿಯೇ ತೆಗೆಯುತ್ತಿದ್ದದ್ದು,” ಎಂದೆ.

“ಅದೂ ತಪ್ಪು ಅಂತಾರೆ ಅಜ್ಜಿ.”

“ನಿಮ್ಮ ಸಾರ್ ಹೆಣ ಎತ್ತಿದ್ದಾರಾ?”

“ಇಲ್ಲ.”

“ಹಾಗಾದರೆ ಉಪ್ಪಿನಕಾಯಿ ಹಾಕಿಕೋ, ಮಾತು ಬೇಡ.”

ಹೀಗೆ ನಗುನಗುತ್ತಲೇ ಜುಲೈ ಬಂತು. ಆಟಿ ತಿಂಗಳು, ಅಂದರೆ ನಮ್ಮ ತುಳುವರ ಆಷಾಢ, ಶುರುವಾದ ಭಾನುವಾರ, ಮಳೆ ಹೊರಗಿನ ಮಾತೇ ಕೇಳದ ಹಾಗೆ ಹೊಡೆಯುತ್ತಿತ್ತು. ನಾನು ಬಾಗಿಲ ಹತ್ತಿರ ಹಲಸಿನ ಬೀಜ ಸುಲಿಯುತ್ತಿದ್ದೆ. ಬೆಳಕಿನ ಹಲಗೆಯ ಮೇಲೆ ಬಗ್ಗಿದ ನೀಲಾ ತಲೆಯೆತ್ತಲೇ ಇಲ್ಲ. ಎದ್ದು ಹೋಗಿ ನೋಡಿದೆ.

ಕೆರೆಯ ಮೆಟ್ಟಿಲ ಮೇಲೆ ಚಾಪೆ. ಚಾಪೆಯ ಮೇಲೆ ಹರೆಯದ ಹೆಂಗಸು. ನೆಗೆಟಿವ್‌ನಲ್ಲಿ ಕೂದಲು ಬಿಳಿ, ಮುಖ ಕಪ್ಪು. ಆದರೂ ನನಗೆ ಯಾರೆಂದು ಹೇಳಿಕೊಡಬೇಕಾಗಿರಲಿಲ್ಲ.

“ಅದನ್ನು ಬಿಡು,” ಎಂದೆ.

“ಯಾಕೆ ಅಜ್ಜಿ? ಇದನ್ನೇ ನಾನು ಹುಡುಕುತ್ತಿದ್ದದ್ದು. ಹಳೆಯ ಪೇಪರಿನಲ್ಲಿ ಈ ಚಿತ್ರ ನೋಡಿದ್ದೇನೆ. ಅಪರಿಚಿತ ಮಹಿಳೆಯ ಶವ, ಗುರುತು ಸಿಕ್ಕವರು ತಿಳಿಸಿ ಅಂತ ಹಾಕಿದ್ದರು. ಪೇಪರು ನೋಡಿ ಜನ ತಮ್ಮವರ ಹೆಣ ಹುಡುಕುತ್ತಿದ್ದ ಕಾಲ! ನನ್ನ ವಿಷಯವೇ ಇದು.”

“ಬಿಡು ಅಂದರೆ ಬಿಡು. ಬೇರೆ ಎಷ್ಟು ಇಲ್ಲ? ಸೇತುವೆಯದ್ದು ತೆಗೆ.”

ಅವಳು ಸೇತುವೆಯದ್ದನ್ನು ಎತ್ತಿಕೊಂಡಳು. ನಾನು ಬೀಜ ಸುಲಿಯಲಿಕ್ಕೆ ಹಿಂದೆ ಹೋದಾಗ ಆ ಹೆಂಗಸಿನದ್ದೇ ಫೋಟೋ ತೆಗೆದುಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ಮುಂದಿನ ಭಾನುವಾರ. ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಆಗಸ್ಟಿನಲ್ಲಿ ಮಣಿಪಾಲದಲ್ಲಿ ಅವಳ ಪ್ರದರ್ಶನ. ಅವಳ ಸಾರ್ ಆ ಚಿತ್ರವನ್ನೇ ಆರಿಸಿದ್ದಾರೆ. ಬಾಗಿಲಿನ ಎದುರಿಗೆ, ಆಳೆತ್ತರಕ್ಕೆ ದೊಡ್ಡದು ಮಾಡಿ ಹಾಕುವುದು. ದೊಡ್ಡ ಪತ್ರಿಕೆಯವರು ನೋಡಲಿಕ್ಕೆ ಬರುತ್ತಾರೆ, ಕೆಲಸವೂ ಸಿಗಬಹುದು.

ನಾನು ಅವಳನ್ನು ಕೂರಿಸಿ ಇಷ್ಟು ಹೇಳಿದೆ.

ಆ ಹೆಂಗಸಿನ ಹೆಸರು ಕಲ್ಯಾಣಿ. ಊರು ಕಾಪು, ಅದು ನನ್ನ ತವರು. ನನಗೆ ಮದುವೆಯಾಗುವಾಗ ಅವಳು ಲಂಗ ಹಾಕುವ ಹುಡುಗಿ, ಹಾಗಾಗಿ ಹೆಣದ ಫೋಟೋ ನೋಡಿ ನನಗೆ ಗುರುತು ಸಿಕ್ಕಿರಲಿಲ್ಲ. ಪೇಪರಿನಲ್ಲಿ ಬಂದು ಕೆಲವು ದಿನ ಕಳೆದ ಮೇಲೆ ಅವಳ ಅಣ್ಣ ಶೀನಣ್ಣ ಸ್ಟುಡಿಯೋಕ್ಕೆ ಬಂದ. ಪೊಲೀಸರ ಹತ್ತಿರ ಹೋಗಲಿಲ್ಲ, ನಮ್ಮ ಹತ್ತಿರ ಬಂದ. ಪ್ರಿಂಟು ತೋರಿಸಿ ಎಂದ. ನೋಡಿ ಬೆಂಚಿನಲ್ಲಿ ಕೂತ. ಅತ್ತದ್ದೂ ಇಲ್ಲ. “ನಮ್ಮ ಕಲ್ಯಾಣಿ,” ಎಂದ. ಮತ್ತೆ, “ನಾನು ಬಂದದ್ದು ಯಾರಿಗೂ ಗೊತ್ತಾಗುವುದು ಬೇಡ ಗಿರಿಜಕ್ಕ. ಮನೆಯಲ್ಲಿ ಅವಳ ಹಸುಗೂಸು ಉಂಟು, ಹೆಣ್ಣು. ಜ್ವರದಲ್ಲಿ ಹೋದಳು ಅಂತ ಹೇಳ್ತೇವೆ. ಕೆರೆಗೆ ಹಾರಿದವಳ ಮಗಳು ಅಂತ ಹೆಸರು ಬಿದ್ದರೆ ನಾಳೆ ಅದಕ್ಕೆ ಮದುವೆ ಆಗಲಿಕ್ಕುಂಟಾ?” ಯಾಕೆ ಹಾರಿದಳು ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಹೆಣವನ್ನು ಅಷ್ಟರಲ್ಲಿ ಯಾರದ್ದೂ ಅಲ್ಲದ್ದೆಂದು ಸುಟ್ಟಾಗಿತ್ತು.

ಆ ಮಗು ವಾರಿಜಾ. ಶೀನಣ್ಣನೇ ಸಾಕಿದ, ಮದುವೆ ಮಾಡಿದ. ಈಗ ಅವಳಿಗೂ ಮೊಮ್ಮಕ್ಕಳು. ಕಾಪು ಪೇಟೆಯಲ್ಲಿ ಮಲ್ಲಿಗೆ ಮಾರುತ್ತಾಳೆ. ತವರಿಗೆ ಹೋದಾಗಲೆಲ್ಲ ನಾನು ಅವಳಿಂದ ಒಂದು ಚೆಂಡು ಮಲ್ಲಿಗೆ ತೆಗೆದುಕೊಳ್ಳುವುದು. ಒಮ್ಮೆ ಕೇಳಿದ್ದಳು, “ಗಿರಿಜಕ್ಕ, ಆಟಿಯಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಎಲ್ಲರ ಫೋಟೋ ಉಂಟು, ಅಮ್ಮನದ್ದೊಂದು ಇಲ್ಲ. ನಿಮ್ಮ ಸ್ಟುಡಿಯೋದಲ್ಲಿ ಮದುವೆಯದ್ದು ಎಲ್ಲಿಯಾದರೂ ಸಿಕ್ಕೀತಾ?” ಇಲ್ಲ ಎಂದೆ. ಮದುವೆಯದ್ದು ಇರಲಿಲ್ಲ, ಅದು ನಿಜವೇ.

ನೀಲಾ ಎಲ್ಲ ಕೇಳಿದಳು. “ಶೀನಣ್ಣ?” ಎಂದಳು.

“ಹೋಗಿ ಎರಡು ಆಟಿ ಆಯಿತು.”

“ಹಾಗಾದರೆ ವಾರಿಜಕ್ಕನಿಗೆ ಹೇಳಬಹುದಲ್ಲ.”

“ಹೇಳಲಿಕ್ಕೆ ಎಂತ ಉಂಟು? ನೀನು ಅದನ್ನು ತೆಗೆದುಬಿಡು. ಕಾಪುವಿನವರು ಅರ್ಧ ಜನ ಮಣಿಪಾಲದ ಆಸ್ಪತ್ರೆಗೆ ಬಂದುಹೋಗುವವರು. ಅವಳ ಸೊಸೆ ಕೆಲಸ ಮಾಡುವುದೇ ಅಲ್ಲಿ. ಶೀನಣ್ಣನ ಹೆಂಡತಿ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ, ನೋಡಿದರೆ ಗುರುತು ಹಿಡಿಯುತ್ತಾಳೆ. ತಾಯಿಯ ಮುಖವನ್ನು ವಾರಿಜಾ ಮೊದಲ ಸಲ ನೋಡುವುದು ನಿನ್ನ ಗೋಡೆಯಲ್ಲಿ, ಹೆಣವಾಗಿ, ಹತ್ತು ಜನರ ಎದುರಿಗಾ?”

ಅವಳ ಮುಖ ಕೆಂಪಾಯಿತು. “ನಾ ಏನ್ ಮಾಡ್ಲಿ ಹೇಳ್ರಿ? ಎರಡ್ ತಿಂಗಳಿಂದ ಮಳ್ಯಾಗ ತೊಯ್ಸಿಕೊಂಡು ಬರಾಕ್ಹತ್ತೀನಿ. ಒಂದ್ ಚಿತ್ರ ಸಿಕ್ತು, ಒಂದ. ಅದನ್ನೂ ತಗದುಬಿಡು ಅಂತೀರಿ. ಉಳಿದವರ ಅಪ್ಪಂದಿರು ಅವರನ್ನ ದಿಲ್ಲಿಗೆ ಕಳಸ್ತಾರ, ಕಾಶ್ಮೀರಕ್ಕ ಕಳಸ್ತಾರ ಫೋಟೋ ತಗಿಯಾಕ. ನಮ್ಮಪ್ಪ ಅದ ಕಾಲೇಜಿನ ಗ್ವಾಡಿಗೆ ಗಿಲಾಯಿ ಮಾಡ್ಯಾನ. ನನಗ ಈ ನಿಮ್ಮ ಪೆಟ್ಟಿಗಿ ಬಿಟ್ರ ಏನೈತ್ರಿ?”

ಚೀಲ ಎತ್ತಿಕೊಂಡು ಹೋದಳು. ಕೊಡೆ ಇಲ್ಲೇ ಬಿಟ್ಟು ಹೋದಳು.

ನಾನು ಪೆಟ್ಟಿಗೆಗೆ ಬೀಗ ಹಾಕಿದೆ. ಹಾಕಿ ಕೂತ ಮೇಲೆ ತಲೆಗೆ ಹೊಳೆಯಿತು, ಕಲ್ಯಾಣಿ ಈಗ ಪೆಟ್ಟಿಗೆಯಲ್ಲಿ ಮಾತ್ರ ಇಲ್ಲ. ನಮ್ಮ ಕಾಲದಲ್ಲಿ ಒಂದು ನೆಗೆಟಿವ್ ಸುಟ್ಟರೆ ಮುಗಿಯಿತು. ಈಗ ಅವಳ ಕ್ಯಾಮೆರಾದಲ್ಲಿ, ಅವಳ ಸಾರ್‌ನ ಕಂಪ್ಯೂಟರಿನಲ್ಲಿ, ಇನ್ನೆಲ್ಲೆಲ್ಲೋ. ಆ ವಾರ ನನಗೆ ಅನ್ನ ರುಚಿಸಲಿಲ್ಲ. ಬಸ್ಸು ನಿಂತ ಸದ್ದಾದರೆ ಕಿಟಕಿಗೆ ಹೋಗುವುದು, ಯಾರೂ ಇಲ್ಲದಿದ್ದರೆ ಬಂದು ಕೂರುವುದು. ಸೆವ್ರಿನ್ ಬಾಯಿ, “ಯಾರಿಗೆ ಕಾಯುವುದು ಗಿರಿಜಾಬಾಯಿ, ಹೊಸ ಗಂಡನಿಗಾ?” ಎಂದು ಕೇಳಿದಳು. ಹೌದು ಎಂದೆ.

ಭಾನುವಾರ ಅಲ್ಲದ ದಿನ ನೀಲಾ ಬಂದಳು. ಸಿಟ್ಟು ಇಳಿದಿತ್ತು, ಹಟ ಇಳಿದಿರಲಿಲ್ಲ.

“ಸಾರ್ ಹತ್ತಿರ ಎಲ್ಲ ಹೇಳಿದೆ ಅಜ್ಜಿ. ಮಗಳು ಬೇಡ ಅಂದರೆ ಖಂಡಿತ ತೆಗೆಯೋಣ ಅಂದರು. ಆದರೆ ಮಗಳನ್ನು ಕೇಳದೆ, ಮಗಳ ಪರವಾಗಿ ಅಜ್ಜಿ ಬೇಡ ಅಂದರೆ ಹೇಗೆ ಅಂತ ಕೇಳಿದರು. ಸೋಮವಾರ ದೊಡ್ಡ ಪ್ರಿಂಟಿಗೆ ಕೊಡಬೇಕು. ಅಷ್ಟರೊಳಗೆ ಕೇಳಿ ಬಾ ಅಂದರು.”

ಆ ಸಾರ್‌ಗೆ ಚೆನ್ನಾಗಿ ಬೈದೆ. ಅವನ ಮಾತಿನಲ್ಲಿ ತಪ್ಪು ಸಿಗಲಿಲ್ಲ, ಅದಕ್ಕೆ ಇನ್ನೂ ಸ್ವಲ್ಪ ಬೈದೆ. ಮತ್ತೆ ಹೇಳಿದೆ, “ಕೇಳುವುದಾದರೆ ನನ್ನ ಲೆಕ್ಕದಲ್ಲಿ ಕೇಳುವುದು. ಆ ಮುಖ ಅವಳಿಗೆ ತೋರಿಸುವುದಿಲ್ಲ. ಮೊದಲು ಕಣ್ಣು ತೆರೆಯುತ್ತೇನೆ. ಚಾಪೆ, ಮೆಟ್ಟಿಲು ಎಲ್ಲ ಮುಚ್ಚಿ ಹಿಂದೆ ಬಿಳಿ ಮಾಡುತ್ತೇನೆ. ತಾಯಿ ಬದುಕಿದ್ದಾಗ ತೆಗೆದದ್ದು, ಈಗ ಸಿಕ್ಕಿತು ಅಂತ ಕೊಡುತ್ತೇನೆ. ಗೋಡೆಗೆ ಹಾಕಲಿ. ನಿನ್ನದನ್ನು ನೀನು ತೆಗೆದುಬಿಡು.”

“ಅದು ಕೇಳಿದ ಹಾಗೆ ಎಲ್ಲಿ ಆಯಿತು ಅಜ್ಜಿ?”

“ಫೋಟೋ ಕಾಗದ, ತೊಳೆಯುವ ಪೌಡರು ಸಿಗುತ್ತದಾ ನಿಮ್ಮ ಕಾಲೇಜಿನಲ್ಲಿ?”

ಸಿಕ್ಕಿತು. ಹಳೆಯ ಕಾಲದ ಪಾಠಕ್ಕೆಂದು ಸ್ವಲ್ಪ ಇಟ್ಟಿರುತ್ತಾರಂತೆ. ಶನಿವಾರ ಮಧ್ಯಾಹ್ನ ತಂದಳು. ಕತ್ತಲೆ ಕೋಣೆಯಲ್ಲಿ ನಾನು ತೆಂಗಿನಕಾಯಿ ಇಡುತ್ತಿದ್ದೆ. ಕಾಯಿ ಹೊರಗೆ ಹಾಕಿದೆವು. ಕಿಟಕಿಗೆ ಕಂಬಳಿ ಹೊಡೆದೆವು. ಚಿತ್ರ ದೊಡ್ಡದು ಮಾಡುವ ಯಂತ್ರ ಬಟ್ಟೆಯೊಳಗೆ ಇತ್ತು, ಬಲ್ಬು ಉರಿಯಿತು. ಮೂರು ತಟ್ಟೆ ಇಟ್ಟೆವು. ನಡುವಿನದಕ್ಕೆ ಆಸಿಡ್ ಬಿದ್ದ ಕೂಡಲೇ ಮನೆಯೆಲ್ಲ ಅದೇ ವಾಸನೆ.

ಎರಡು ಸಲ ಕರೆಂಟು ಹೋಯಿತು, ಎರಡು ಕಾಗದ ಹಾಳಾಯಿತು. ಮೂರನೆಯದಕ್ಕೆ ಚಿತ್ರ ಎದ್ದಿತು. ಕೆಂಪು ಬಲ್ಬಿನ ಕೆಳಗೆ, ನೀರಿನಡಿಯಿಂದ ಮೊದಲು ಕೂದಲು ಬಂತು, ಮತ್ತೆ ಹುಬ್ಬು, ಮತ್ತೆ ಬಾಯಿ. ನೀಲಾ ಈ ಕೆಲಸವನ್ನು ಕಾಲೇಜಿನಲ್ಲಿ ಮಾಡಿದವಳೇ. ಆದರೂ ತಟ್ಟೆ ಆಡಿಸುವುದನ್ನು ಮರೆತಳು.

“ಅಜ್ಜಿ, ಇವರು ನನ್ನ ವಯಸ್ಸಿನವರು.”

“ತಟ್ಟೆ ಆಡಿಸು. ಇಲ್ಲದಿದ್ದರೆ ಕಲೆ ಕೂರುತ್ತದೆ.”

ಪುನಃ ಕರೆಂಟು ಹೋಗುವ ಮೊದಲು ಇನ್ನೊಂದು ಪ್ರಿಂಟು ತೆಗೆದೆವು. ಒಂದು ಹಾಳಾದರೆ ಇನ್ನೊಂದು ಇರಲಿ ಎಂದು. ಆರಿದ ಮೇಲೆ ಬಾಗಿಲ ಬೆಳಕಿಗೆ ಮೇಜು ಎಳೆದು ಕೂತೆ. ನನ್ನ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದರ ಮೇಲೆ ನನಗೇ ನಂಬಿಕೆ ಇಲ್ಲ. ನೀಲಾ ಭೂತಗನ್ನಡಿ ಹಿಡಿಯಬೇಕಾಯಿತು.

“ಅಜ್ಜಿ, ಇದು ಸುಳ್ಳು.”

“ಈ ಜಿಲ್ಲೆಯ ಅರ್ಧ ಗೋಡೆಗಳಲ್ಲಿರುವ ಅಜ್ಜ ಅಜ್ಜಿಯರು ಸುಳ್ಳೇ. ಮಕ್ಕಳು ಕೈಮುಗಿಯುವುದಿಲ್ಲವಾ?”

“ಅವರು ಕೇಳಿ ಮಾಡಿಸಿದ್ದು. ಸುಳ್ಳು ಅಂತ ಗೊತ್ತಿದ್ದೇ ಮಾಡಿಸಿದ್ದು. ವಾರಿಜಕ್ಕನಿಗೆ ಗೊತ್ತಿಲ್ಲ. ನಮ್ಮಲ್ಲಿ ಫೋಟೋದಿಂದ ಒಂದು ಹುಲ್ಲುಕಡ್ಡಿ ಅಳಿಸಿದರೂ ಫೇಲು.”

“ನಾನು ಫೇಲಾಗಿ ಸುಮಾರು ವರ್ಷ ಆಯಿತು. ನೆಟ್ಟಗೆ ಹಿಡಿ.”

ಕಣ್ಣು ತೆರೆಯುವಾಗ ಒಂದು ಕ್ರಮ ಉಂಟು. ಸತ್ತವರ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿ, ಅವರ ಕಣ್ಣು ನೋಡಿ ಬರೆಯುವುದು. ಇಲ್ಲಿ ಕೂರಿಸುವ ಹಾಗಿರಲಿಲ್ಲ. ಆದರೆ ಹೂ ಕಟ್ಟುತ್ತಾ ತಲೆಯೆತ್ತಿ ನೋಡುವ ವಾರಿಜಾಳ ಕಣ್ಣು ನನಗೆ ಬಾಯಿಪಾಠ. ಎಡಗಣ್ಣಿನ ಹೊರಮೂಲೆ ಸ್ವಲ್ಪ ಕೆಳಗೆ ಇಳಿದದ್ದು. ಅದನ್ನೇ ಹಾಕಿದೆ. ಕತ್ತಲಾಗುವ ಮೊದಲು ಬಿಳಿ ಚುಕ್ಕೆ ಇಟ್ಟೆ. ಕಲ್ಯಾಣಿ ನೋಡಿದಳು. ನೀಲಾ ಭೂತಗನ್ನಡಿ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಬೆಳ್ಮಣ್, ಶಿರ್ವದ ಮೇಲೆ ಕಾಪುವಿಗೆ ಹೋದೆವು. ಬಸ್ಸಿನ ಗಾಜಿನ ಮೇಲೆ ಮಳೆ, ಹೊರಗೆ ಏನೂ ಕಾಣುವುದಿಲ್ಲ. ನನ್ನ ಮಡಿಲಲ್ಲಿ ಕಣ್ಣು ತೆರೆದದ್ದು, ನೀಲಾಳ ಚೀಲದಲ್ಲಿ ಮುಟ್ಟದ್ದು. ಅದನ್ನು ತರಬೇಡ ಎಂದಿದ್ದೆ.

“ತೋರಿಸುವುದಿಲ್ಲ ಅಜ್ಜಿ. ಆದರೆ ಕೇಳಿದರೆ ಸುಳ್ಳು ಹೇಳುವುದಿಲ್ಲ.”

“ಕೇಳುವುದಿಲ್ಲ ಅವಳು.”

“ಕೇಳಿದರೆ?”

ನಾನು ಮಡಿಲಿನದ್ದನ್ನು ಸೆರಗಿನೊಳಗೆ ಎಳೆದುಕೊಂಡೆ.

ಮಳೆ ಜೋರಿದ್ದುದರಿಂದ ವಾರಿಜಾ ಅಂಗಡಿಗೆ ಹೋಗಿರಲಿಲ್ಲ. ಮನೆಯ ಜಗಲಿಯಲ್ಲಿ ಕೂತು ಸಿಕ್ಕಿದಷ್ಟು ಮೊಗ್ಗು ಕಟ್ಟುತ್ತಿದ್ದಳು. ಗೋಡೆಯಲ್ಲಿ ಶೀನಣ್ಣ, ಅವನ ಅಪ್ಪ, ಅಮ್ಮ, ಎಲ್ಲರಿಗೂ ಹಾರ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಏನು ಗಿರಿಜಕ್ಕ, ಈ ಮಳೆಯಲ್ಲಿ! ಇದು ಯಾರು, ಮೊಮ್ಮಗಳಾ?”

“ಅಲ್ಲ, ನನ್ನ ಜೀವ ತಿನ್ನಲಿಕ್ಕೆ ಘಟ್ಟದಿಂದ ಇಳಿದು ಬಂದದ್ದು. ಕೈ ಒರಸಿಕೋ. ನಿನಗೊಂದು ತಂದಿದ್ದೇನೆ.”

ಕೊಟ್ಟೆ. ನಿನ್ನ ಅಮ್ಮ ಎಂದೆ. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರಸಿ, ಅಂಚು ಮಾತ್ರ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಅಳುತ್ತಾಳೆ ಎಂದು ನಾನು ಕಾದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ಈ ಕಣ್ಣು ನನ್ನದು ಗಿರಿಜಕ್ಕ.”

“ತಾಯಿಯದ್ದು ಮಗಳಿಗೆ ಬರುವುದಿಲ್ಲವಾ?”

“ಬರುತ್ತದೆ. ಆದರೆ ಎಡಗಣ್ಣು ನನಗೆ ಹುಟ್ಟಿನಿಂದ ಹೀಗಲ್ಲ. ಸಣ್ಣವಳಿರುವಾಗ ಮೆಟ್ಟಿಲಿನಿಂದ ಬಿದ್ದು ಹೊಲಿಗೆ ಹಾಕಿದ್ದು. ಇದು ಅಮ್ಮನಿಗೆ ಎಲ್ಲಿಂದ ಬಂತು?”

ಇಷ್ಟು ವರ್ಷ ಎಷ್ಟೋ ಜನರ ಕಣ್ಣು ತೆರೆದಿದ್ದೇನೆ. ಯಾರೂ ಹೀಗೆ ಕೇಳಿದ್ದಿಲ್ಲ.

“ನೀವು ಬರೆಯದ್ದು, ಅಮ್ಮನದ್ದೇ ಫೋಟೋ ಎಲ್ಲಿ?” ಎಂದಳು ವಾರಿಜಾ. “ಕೆರೆಯ ಹತ್ತಿರ ತೆಗೆದದ್ದಲ್ಲವಾ ಇದು?”

“ಕೆರೆಯಾ? ಯಾರು ಹೇಳಿದರು ನಿನಗೆ?”

“ಶಾಲೆಯಲ್ಲಿ ಮಕ್ಕಳು ಕೆರೆಯ ಮಗಳು ಅಂತಲೇ ಕರೆಯುತ್ತಿದ್ದದ್ದು. ಮಾವ ಜ್ವರ ಅಂದರು, ನಾನೂ ಜ್ವರ ಅಂತಲೇ ಹೇಳಿಕೊಂಡು ಬಂದೆ. ಅಷ್ಟು ಕಷ್ಟಪಟ್ಟು ಹೇಳಿದ್ದು, ಅವರಿಗೆ ಬೇಜಾರಾಗಬಾರದಲ್ಲ. ಈಗ ಮಾವ ಇಲ್ಲ. ಇನ್ನು ನೀವು ಶುರು ಮಾಡಬೇಡಿ.” ನೀಲಾಳ ಕಡೆ ತಿರುಗಿದಳು. “ಕಣ್ಣು ಬರೆಯದ್ದು ನಿನ್ನ ಹತ್ತಿರ ಉಂಟಾ, ಮಗ?”

ನೀಲಾ ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಅವಳು ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು.

ವಾರಿಜಾ ಅದನ್ನು ಬೆಳಕಿಗೆ ತಿರುಗಿಸಿದಳು. ಅವಳು ಮುಖದ ಹತ್ತಿರ ಹತ್ತಿರ ತಂದಳು. ಹೆಬ್ಬೆರಳು ಫೋಟೋದ ಹುಬ್ಬಿನ ಮೇಲೆ ಹೋಯಿತು, ಕೆನ್ನೆಯ ಮೇಲೆ ಬಂತು.

“ಎಷ್ಟು ಸಣ್ಣವಳು,” ಎಂದಳು. “ನನ್ನ ಸೊಸೆಗಿಂತ ಸಣ್ಣವಳು.”

ಆಗ ನೀಲಾ ತನ್ನ ವಿಷಯ ಹೇಳಿದಳು. ಮಣಿಪಾಲ, ಪ್ರದರ್ಶನ, ಬಾಗಿಲ ಎದುರಿಗೆ ದೊಡ್ಡದಾಗಿ ಹಾಕುವುದು, ಪೇಪರಿನಲ್ಲಿ ಅಂದು ಅಪರಿಚಿತ ಎಂದು ಬರೆದದ್ದು, ಈಗ ಹೆಸರು ಬರೆಯಬಹುದು ಎಂಬುದು. ಒಂದನ್ನೂ ಮುಚ್ಚಿಡಲಿಲ್ಲ. ತನಗೆ ಅದರಿಂದ ಲಾಭ ಉಂಟು ಎಂದೂ ಹೇಳಿದಳು. ನೀವು ಬೇಡ ಅಂದರೆ ಇಲ್ಲ ಎಂದಳು.

ವಾರಿಜಾ ಕಣ್ಣೆತ್ತಲಿಲ್ಲ. “ಬೇಡ ಮಗ. ಒಮ್ಮೆ ಎಲ್ಲರೂ ನೋಡಿಯಾಗಿದೆ. ಯಾರೂ ಬರಲಿಲ್ಲ. ಇನ್ನು ನಾನು ನೋಡುತ್ತೇನೆ, ಸಾಕು.”

“ಆಯಿತು ಅಕ್ಕ,” ಎಂದಳು ನೀಲಾ.

ಅವಳ ಕೈ ಕ್ಯಾಮೆರಾದ ಮೇಲೆ ಹೋದದ್ದನ್ನು ನಾನು ನೋಡಿದೆ. ಬೆಳಕು ವಾರಿಜಾಳ ಮುಖದ ಮೇಲಿತ್ತು, ಫೋಟೋದ ಬಿಳಿ ಬೆನ್ನು ನಮ್ಮ ಕಡೆಗಿತ್ತು, ಮಡಿಲಲ್ಲಿ ಕಟ್ಟದ ಮೊಗ್ಗು. ನನ್ನ ಗಂಡನಾಗಿದ್ದರೆ ಅಷ್ಟರಲ್ಲಿ ತೆಗೆದಾಗುತ್ತಿತ್ತು. ನಾನು ನೀಲಾಳ ಮಣಿಕಟ್ಟು ಹಿಡಿಯಲಿಕ್ಕೆ ಕೈ ಚಾಚಿದೆ. ಅಷ್ಟರೊಳಗೆ ಅವಳೇ ಬಾಯಿ ಬಿಟ್ಟಳು.

“ಅಕ್ಕ, ನಿಮ್ಮದು ತೆಗೆಯಲಾ? ಹೀಗೆಯೇ, ನೋಡುತ್ತಾ ಇರುವುದು?”

ವಾರಿಜಾ ಫೋಟೋವನ್ನು ಇನ್ನೂ ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡಳು.

“ಅಮ್ಮನ ಮುಖ ಬಾರದ ಹಾಗೆ ತೆಗೆ,” ಎಂದಳು ವಾರಿಜಾ.

ಒಂದು ಸಲ ಸದ್ದಾಯಿತು. ಎರಡನೆಯದು ತೆಗೆಯಲಿಲ್ಲ. ಕಣ್ಣು ತೆರೆದ ಪ್ರಿಂಟನ್ನು ವಾರಿಜಾ ನನಗೆ ವಾಪಸು ಕೊಟ್ಟಳು. ಕೆಲಸ ಚಂದ ಆಗಿದೆ ಗಿರಿಜಕ್ಕ, ಎಂದಳು. ಅದು ಸಮಾಧಾನಕ್ಕೆ ಹೇಳಿದ್ದು. ನಾನು ಕುಂಚ ಮುಟ್ಟಿದ್ದು ಅದೇ ಕೊನೆ.

ಸೋಮವಾರ ದೊಡ್ಡ ಪ್ರಿಂಟಿಗೆ ಹೋದದ್ದು ವಾರಿಜಾಳ ಫೋಟೋ. ಸಾರ್‌ಗೆ ಅದು ಅಷ್ಟು ಹಿಡಿಸಲಿಲ್ಲವಂತೆ. ಹಳೆಯ ಪೇಪರಿನ ಇತಿಹಾಸ ಎಂದು ಹೇಳಿ ಬಾಗಿಲಲ್ಲಿ ಹೊಸ ಫೋಟೋ ಹಾಕಿದರೆ ಹೇಗೆ ಎಂದು. ನೀಲಾ ಬಿಡಲಿಲ್ಲ. ದೊಡ್ಡ ಪತ್ರಿಕೆಯವರು ಬಂದರು, ನೋಡಿದರು, ಕಾಫಿ ಕುಡಿದು ಹೋದರು. ಕೆಲಸ ಕೊಡಲಿಲ್ಲ. ಅವಳು ಈಗ ಉಡುಪಿಯ ಒಂದು ಸಣ್ಣ ಪತ್ರಿಕೆಗೆ ಹೊಂಡ ಬಿದ್ದ ರಸ್ತೆ, ಕಡಲು ಕೊರೆದ ತೆಂಗು ತೆಗೆಯುತ್ತಾಳೆ.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ವಾರಿಜಾ ಸೊಸೆಯ ಜೊತೆ ಬಂದಿದ್ದಳು. ತನ್ನ ಫೋಟೋದ ಪಕ್ಕದಲ್ಲೇ ನಿಂತಿದ್ದರೂ ಯಾರಿಗೂ ಗುರುತಾಗಲಿಲ್ಲ. ಶೂ ಹಾಕಿದ ದೊಡ್ಡ ಮನುಷ್ಯರೊಬ್ಬರು ಕೆಳಗೆ ಬರೆದದ್ದನ್ನು ಜೋರಾಗಿ ಓದಿದರು: “ಕಲ್ಯಾಣಿಯ ಮಗಳು ವಾರಿಜಾ, ಕಾಪು. ತಾಯಿಯ ಫೋಟೋ ನೋಡುತ್ತಿರುವುದು.” ಮತ್ತೆ ಅವರು ಕನ್ನಡಕ ಮೇಲೇರಿಸಿ, ಬಗ್ಗಿ, ಆ ಬಿಳಿ ಬೆನ್ನನ್ನೇ ನೋಡಿ, “ತಾಯಿ ಕಾಣುವುದೇ ಇಲ್ಲವಲ್ಲ,” ಎಂದರು.

“ನನಗೆ ಕಾಣುತ್ತದೆ,” ಎಂದಳು ವಾರಿಜಾ.